ಕಡಲ ದಂಡೆಯ ಚಾರಣ: ಮಕ್ಕಳಿದ್ದಾಗ ಕೇಳಬೇಕಾದ್ದು ‘ಎಷ್ಟು ದೂರ’ ಅಲ್ಲ, ‘ಎಷ್ಟು ಹೊತ್ತಿಗೆ’

ರಜೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಹೊರಡುವವರು ಬಹಳ. ಈಚೆಗೆ ನೀರಾಟದ ಜೊತೆ ಚಾರಣವೂ ಸೇರಿಕೊಂಡಿದೆ. ಗೋಕರ್ಣದ ಮುಖ್ಯ ಕಡಲತೀರದಿಂದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ಗುಡ್ಡ ಹತ್ತಿ ಇಳಿದು ನಡೆಯುವ ದಾರಿ ಪ್ರಸಿದ್ಧ. ಅದರ ದಕ್ಷಿಣಕ್ಕೇ ಅಘನಾಶಿನಿ ನದಿ ಕಡಲು ಸೇರುವ ಅಳಿವೆ ಇದೆ. ಸುಮಾರು 4,801 ಹೆಕ್ಟೇರಿನ ಈ ಅಳಿವೆ 2024ರಲ್ಲಿ ರಾಮ್ಸಾರ್ ತಾಣವಾಯಿತು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು.

ಇಂತಹ ಕಡೆ ಹೊರಡುವ ಮುನ್ನ ಅಪ್ಪ ಅಮ್ಮಂದಿರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಕಿಲೋಮೀಟರ್? ಮಗು ನಡೆಯುತ್ತದೆಯೇ?’ ಬೆಟ್ಟದ ಚಾರಣಕ್ಕೆ ಇದು ಸರಿಯಾದ ಪ್ರಶ್ನೆ. ಅಲ್ಲಿ ಬೆಳಿಗ್ಗೆ ಇದ್ದ ದಾರಿ ಸಂಜೆಗೂ ಅಲ್ಲೇ ಇರುತ್ತದೆ. ಕಡಲ ದಂಡೆಯಲ್ಲಿ ಹಾಗಲ್ಲ. ಬೆಳಿಗ್ಗೆ ಏಳಕ್ಕೆ ಆರಾಮವಾಗಿ ನಡೆದ ಒಂದು ಕಿಲೋಮೀಟರ್ ಮಧ್ಯಾಹ್ನ ಒಂದಕ್ಕೆ ಬೇರೆಯದೇ ದಾರಿಯಾಗಿರಬಹುದು. ಹೇಗೆ ಎಂದು ನೋಡೋಣ.

ಮರಳಿನ ಒಂದು ಕಿಲೋಮೀಟರ್ ಎಂದರೆ ಎಷ್ಟು?

‘ಸಮತಟ್ಟಾದ ಮರಳು, ಏರಿಲ್ಲ ಇಳಿಜಾರಿಲ್ಲ, ಮಕ್ಕಳಿಗೆ ಸುಲಭ’ ಎಂಬುದು ಮೊದಲ ತಪ್ಪು ತಿಳಿವಳಿಕೆ. ಒಣ, ಸಡಿಲ ಮರಳಿನಲ್ಲಿ ಹೆಜ್ಜೆ ಹೂತುಹೋಗುತ್ತದೆ. ಕಾಲು ನೆಲವನ್ನು ಒತ್ತಿದ ಶಕ್ತಿಯ ಒಂದು ಪಾಲು ನಮ್ಮನ್ನು ಮುಂದೆ ತಳ್ಳುವ ಬದಲು ಮರಳನ್ನು ಅತ್ತಿತ್ತ ಸರಿಸುವುದಕ್ಕೇ ಖರ್ಚಾಗುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಅದೇ ವೇಗದಲ್ಲಿ ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಮರಳಿನಲ್ಲಿ ನಡೆಯಲು 2.1ರಿಂದ 2.7 ಪಟ್ಟು ಹೆಚ್ಚು ಶಕ್ತಿ ಬೇಕು. ಸುಲಭವಾಗಿ ಹೇಳುವುದಾದರೆ, ಸಡಿಲ ಮರಳಿನ ಎರಡು ಕಿಲೋಮೀಟರ್ ರಸ್ತೆಯ ನಾಲ್ಕೈದು ಕಿಲೋಮೀಟರಿಗೆ ಸಮ.

ಆದರೆ ಅದೇ ದಂಡೆಯಲ್ಲಿ ಅಲೆ ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಪಟ್ಟಿ ಇರುತ್ತದಲ್ಲ, ಅದು ಗಟ್ಟಿ. ಮರಳಿನ ಕಣಗಳ ನಡುವೆ ಉಳಿದ ನೀರು ತನ್ನ ಮೇಲ್ಮೈ ಎಳೆತದಿಂದ ಕಣಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ಮಕ್ಕಳು ಮರಳಿನ ಗೂಡು ಕಟ್ಟಲು ಒದ್ದೆ ಮರಳನ್ನೇ ಹುಡುಕುವುದೂ ಇದೇ ಕಾರಣಕ್ಕೆ. ಕಡಲು ಇಳಿದಾಗ ಈ ಪಟ್ಟಿ ಅಗಲವಾಗಿ ಸಿಗುತ್ತದೆ, ಏರಿದಾಗ ಮುಳುಗಿಹೋಗಿ ನಾವು ಸಡಿಲ ಮರಳಿಗೆ ಹತ್ತಬೇಕಾಗುತ್ತದೆ. ಅಂದರೆ ದಾರಿ ಎಷ್ಟು ಕಷ್ಟ ಎಂಬುದನ್ನೂ ಹೊತ್ತೇ ತೀರ್ಮಾನಿಸುತ್ತದೆ.

ಭರತ–ಇಳಿತದ ಗಡಿಯಾರ

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಭರತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಒಣಗಿದ್ದ ದಾರಿ ಇವತ್ತು ಅದೇ ಗಂಟೆಗೆ ಒಣಗಿಯೇ ಇರುತ್ತದೆ ಎನ್ನುವಂತಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಎಳೆತ ಒಂದೇ ಸಾಲಿನಲ್ಲಿ ಸೇರಿ ಏರಿಳಿತ ದೊಡ್ಡದಾಗುತ್ತದೆ, ಅಷ್ಟಮಿಯ ಹೊತ್ತಿಗೆ ಚಿಕ್ಕದಾಗುತ್ತದೆ. ಕರಾವಳಿಯ ಮೀನುಗಾರರು ತಿಥಿ ನೋಡಿ ಕಡಲಿನ ಹೊತ್ತು ಹೇಳುವುದು ಮೂಢನಂಬಿಕೆಯಲ್ಲ. ತಿಥಿ ಎಂದರೆ ಚಂದ್ರನ ಲೆಕ್ಕ, ಭರತವೂ ಬಹುಪಾಲು ಚಂದ್ರನ ಲೆಕ್ಕವೇ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಇಳಿತದ ನಂತರದ ಮೊದಲ ಒಂದು ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಏರುತ್ತದೆ. ‘ನೀರು ಎಲ್ಲಿದೆಯೋ ಅಲ್ಲೇ ಇದೆ’ ಎನಿಸುತ್ತದೆ. ಮೂರನೆಯ ಮತ್ತು ನಾಲ್ಕನೆಯ ಗಂಟೆಯಲ್ಲಿ ಮಾತ್ರ ಒಟ್ಟು ಏರಿಕೆಯ ಅರ್ಧದಷ್ಟು ಒಮ್ಮೆಲೇ ಬರುತ್ತದೆ. ಒಟ್ಟು ಏರಿಕೆ ಒಂದೂವರೆ ಮೀಟರ್ ಎಂದುಕೊಳ್ಳಿ. ಆ ಎರಡು ಗಂಟೆಯಲ್ಲಿ ನೀರು 75 ಸೆಂಟಿಮೀಟರ್ ಏರುತ್ತದೆ. ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಮಾತ್ರ ಏರುವ ಸಮ ದಂಡೆಯಲ್ಲಿ ಇದರರ್ಥ, ನೀರಿನ ಅಂಚು 37 ಮೀಟರಿನಷ್ಟು ಒಳಗೆ ಬಂದಂತೆ. 75 ಸೆಂಟಿಮೀಟರ್ ದೊಡ್ಡವರ ಮೊಣಕಾಲಿನ ಮೇಲೆ, ನಾಲ್ಕು ವರ್ಷದ ಮಗುವಿಗೆ ಎದೆಮಟ್ಟ. ಬಂಡೆಗಳ ಬುಡದಲ್ಲಿ ದಾಟಿಹೋದ ಒಣ ದಾರಿ ವಾಪಸು ಬರುವಾಗ ಮಾಯವಾಗುವುದು ಹೀಗೆ.

ಆದ್ದರಿಂದ ನಿಯಮ ಸರಳ: ಬಂಡೆಯ ಬುಡದ ದಾರಿಯಿದ್ದರೆ ನೀರು ಇಳಿಯುತ್ತಿರುವಾಗ ಹೊರಡಬೇಕು, ಇಳಿತ ಮುಟ್ಟುವ ಹೊತ್ತಿಗೆ ವಾಪಸು ತಿರುಗಬೇಕು. ಭರತ–ಇಳಿತದ ಹೊತ್ತನ್ನು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೊದಲೇ ಪ್ರಕಟಿಸುತ್ತದೆ. ಊರಿನ ಮೀನುಗಾರರನ್ನು ಕೇಳಿದರೂ ಸಾಕು. ಇನ್‌ಕಾಯಿಸ್ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಕೊಡುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆಗಳು ಇಲ್ಲಿ ಆಕಾಶ ತಿಳಿಯಾಗಿದ್ದಾಗಲೂ ದಂಡೆಗೆ ನುಗ್ಗುವುದುಂಟು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು.

ಅಲೆಯಿಲ್ಲದ ಜಾಗ ಸುರಕ್ಷಿತವೇ?

ನಡೆದು ದಣಿದ ಮೇಲೆ ಮಕ್ಕಳು ನೀರಿಗಿಳಿಯುತ್ತೇವೆ ಎನ್ನುವುದು ಸಹಜ. ಆಗ ದೊಡ್ಡವರು ಅಲೆ ಒಡೆಯದ, ಶಾಂತವಾಗಿ ಕಾಣುವ ಜಾಗವನ್ನು ಆರಿಸುತ್ತಾರೆ. ಅಪಾಯ ಹಲವು ಬಾರಿ ಇರುವುದು ಅಲ್ಲೇ. ದಂಡೆಗೆ ಬಂದ ಅಲೆಗಳ ನೀರು ವಾಪಸು ಹೋಗಲೇಬೇಕು. ಅದು ಮರಳುದಿಬ್ಬಗಳ ನಡುವಿನ ಆಳವಾದ ಕಾಲುವೆಯಂತಹ ಜಾಗ ಹಿಡಿದು ಕಡಲಿನತ್ತ ಹರಿಯುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎರಡು ಬದಿಯಲ್ಲಿ ಬಿಳಿ ನೊರೆ, ನಡುವೆ ಮಾತ್ರ ಶಾಂತ, ಸ್ವಲ್ಪ ಕಡುಬಣ್ಣದ ನೀರು ಕಂಡರೆ ಅದು ಸೆಳೆತದ ಜಾಗವಾಗಿರಬಹುದು. ಇದರ ವೇಗ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರಿಗೂ ಅದರ ಎದುರು ಈಜುವುದು ಕಷ್ಟ.

ಸೆಳೆತ ಮನುಷ್ಯರನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸಿಕ್ಕಿಬಿದ್ದವರು ದಡದತ್ತ ನೇರವಾಗಿ ಹೋರಾಡಿ ಸುಸ್ತಾಗುವುದೇ ಸಾವಿಗೆ ಕಾರಣ. ತೇಲುತ್ತ ಉಸಿರು ಉಳಿಸಿಕೊಳ್ಳಬೇಕು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು, ಕೈಯೆತ್ತಿ ಸಹಾಯ ಕೇಳಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಜೀವರಕ್ಷಕರಿಲ್ಲದ ತೀರದಲ್ಲಿ ಮಕ್ಕಳಿಗೆ ಪಾದ ಮುಳುಗುವಷ್ಟೇ ನೀರು ಸಾಕು, ಅದೂ ಕೈಗೆಟಕುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ನಿಂತಿದ್ದಾಗ.

ತಂಪು ಗಾಳಿಯ ಭ್ರಮೆ

ಬಿಸಿಲೇರಿದಂತೆ ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗ ತುಂಬಲು ಕಡಲಿನಿಂದ ತಂಪು ಗಾಳಿ ಬೀಸುತ್ತದೆ. ಹಾಗಾಗಿ ಬಿಸಿಲು ಅತಿ ತೀಕ್ಷ್ಣವಾಗಿರುವ ಹೊತ್ತಿನಲ್ಲೇ ನಮಗೆ ಹಾಯೆನಿಸುತ್ತದೆ. ಆದರೆ ಗಾಳಿ ತಂಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಣ ಮರಳು ಈ ಕಿರಣಗಳ ಸುಮಾರು ಶೇ 15ರಷ್ಟನ್ನು, ಕಡಲ ನೊರೆ ಸುಮಾರು ಶೇ 25ರಷ್ಟನ್ನು ಪ್ರತಿಫಲಿಸುತ್ತವೆ. ಟೋಪಿಯ ಕೆಳಗಿನ ಮುಖಕ್ಕೂ ಬಿಸಿಲು ತಾಗುವುದು ಹೀಗೆ.

ಕರಾವಳಿಯ ಸೆಕೆಯಲ್ಲಿ ಗಾಳಿಯ ತೇವದಿಂದ ಬೆವರು ಬೇಗ ಆರದು. ಆರದ ಬೆವರು ಮೈಯನ್ನು ತಣಿಸದು. ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೆವರುತ್ತಾರೆ, ಆಟದ ಗುಂಗಿನಲ್ಲಿ ಬಾಯಾರಿಕೆಯನ್ನೂ ಮರೆಯುತ್ತಾರೆ. ಕೇಳುವವರೆಗೆ ಕಾಯದೆ ಆಗಾಗ ನೀರು, ಮಜ್ಜಿಗೆ ಅಥವಾ ಎಳನೀರು ಕೊಡಬೇಕು. ಮಗು ಸಿಡಿಮಿಡಿಗೊಂಡರೆ, ತಲೆನೋವು, ವಾಕರಿಕೆ ಎಂದರೆ ಹಠ ಎಂದು ಗದರಬೇಡಿ. ನೆರಳಿಗೆ ಕರೆತಂದು, ಮೈ ಒದ್ದೆಮಾಡಿ, ಗಾಳಿ ಬೀಸಿ. ಮಗು ಮಂಕಾದರೆ ಅಥವಾ ಮಾತು ತಡವರಿಸಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಸರಿಯಾದ ಹೊತ್ತಿನ ಲಾಭ

ಹೊತ್ತು ನೋಡಿ ಹೊರಟರೆ ಅಪಾಯ ತಪ್ಪುವುದಷ್ಟೇ ಅಲ್ಲ, ನೋಡಲು ಸಿಗುವುದೂ ಹೆಚ್ಚು. ಇಳಿತದಲ್ಲೇ ಬಂಡೆಗಳ ನಡುವಿನ ಸಣ್ಣ ಹೊಂಡಗಳಲ್ಲಿ ಏಡಿ, ಪುಟ್ಟ ಮೀನು ಕಾಣುವುದು. ಅಘನಾಶಿನಿಯಲ್ಲಿ ಜನ ಚಿಪ್ಪಿಕಲ್ಲು ಹೆಕ್ಕಲು ನೀರಿಗಿಳಿಯುವುದೂ ಇಳಿತದಲ್ಲೇ. ಕಾಂಡ್ಲಾ ಗಿಡಗಳ ಉಸಿರಾಟದ ಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುವುದನ್ನು ತೋರಿಸಲೂ ಅದೇ ಹೊತ್ತು. ತೀರಾ ಚಿಕ್ಕ ಮಕ್ಕಳಿದ್ದರೆ ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆದಾರಿ ಅಥವಾ ಕಾರವಾರದ ಕಾಳಿ ಕಾಂಡ್ಲಾ ನಡಿಗೆದಾರಿ ಹೆಚ್ಚು ಅನುಕೂಲ. ಅಲ್ಲಿ ಕಟ್ಟೆಯಂತೆ ಎತ್ತರಿಸಿದ ದಾರಿಯ ಮೇಲೆ ನಡೆದು ಎಲ್ಲವನ್ನೂ ನೋಡಬಹುದು.

ಖಾಲಿ ಶಂಖವೊಂದನ್ನು ಜೇಬಿಗಿಳಿಸುವ ಮುನ್ನ ಸನ್ಯಾಸಿ ಏಡಿಯ ಕಥೆಯನ್ನು ಮಕ್ಕಳಿಗೆ ಹೇಳಿ. ಅದಕ್ಕೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಹುಳುವಿನ ಮನೆಯೇ ಅದರ ಮನೆ. ಬಂಡೆಯ ಹೊಂಡದಲ್ಲಿ ಯಾವುದಾದರೂ ಕಲ್ಲು ಎತ್ತಿ ನೋಡಿದರೆ ಇದ್ದಂತೆಯೇ ಮತ್ತೆ ಮಗುಚಿಡಿ.

ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ, ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ನಂತರ ಇಳಿತ ಬೀಳುವ ದಿನವನ್ನು ಆರಿಸಿಕೊಳ್ಳಿ. ಮೊದಲೇ ನಿರ್ಧರಿಸಿದ ಗಂಟೆಗೆ, ಗುರಿ ಮುಟ್ಟದಿದ್ದರೂ, ವಾಪಸು ತಿರುಗಿ. ‘ಇನ್ನು ಸ್ವಲ್ಪ ದೂರ’ ಎಂದು ಮಕ್ಕಳು ಪೀಡಿಸಬಹುದು. ಮುಂದಿನ ಇಳಿತಕ್ಕೆ ಮತ್ತೆ ಬರೋಣ ಎಂದು ಹೇಳಿ ಕೈಹಿಡಿದು ಹೊರಡಿ.