ಚಿಗರಿಯೋ, ಮನೆಯ ಗಾಡಿಯೋ?

ಕಳೆದ ತಿಂಗಳು ಧಾರವಾಡದ ಪರಿಚಿತರೊಬ್ಬರ ಮನೆಗೆ ನಾವು ಹೋದಾಗ ಅಲ್ಲಿ ಒಂದು ಸಣ್ಣ ಕದನವೇ ನಡೆದಿತ್ತು. ಹದಿನೇಳು ತುಂಬಿದ ಮಗ ಹುಬ್ಬಳ್ಳಿಯ ಕಾಲೇಜಿಗೆ ಸೇರಿದ್ದಾನೆ. ಅವನಿಗೆ ದ್ವಿಚಕ್ರ ವಾಹನ ಬೇಕು. “ಎಲ್ಲಾರೂ ಗಾಡಿ ಮ್ಯಾಲ ಬರ್ತಾರ, ನಾ ಒಬ್ಬಾಂವ ಬಸ್ಸಿಗೆ ಕಾಕೋತ ನಿಂದರಬೇಕೇನ?” ಎಂಬುದು ಅವನ ವಾದ. ತಂದೆ ಅರ್ಧ ಒಪ್ಪಿದ್ದರು, ತಾಯಿ ಮೌನವಾಗಿದ್ದರು. ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿ ಮಾತ್ರ, “ಗಾಡಿ ಕೊಡಸೂದೇನ ದೊಡ್ಡದಲ್ಲ. ಅಂವ ಬರೂತನಕಾ ಬಾಗಲಾಗ ಕುಂದ್ರಾಕಿ ನಾನು” ಎಂದರು. ಆ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ನಮ್ಮನ್ನೇ ಪಂಚರನ್ನಾಗಿ ಮಾಡಿ ಅಭಿಪ್ರಾಯ ಕೇಳಿದರು. ಅಂದು ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಏಕೆಂದರೆ ಈ ಪ್ರಶ್ನೆ ಇಂದು ಒಂದು ಮನೆಯದಲ್ಲ.

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ನಗರಸಭಾಡಳಿತಕ್ಕೆ ಸೇರಿದರೂ ಸ್ವಭಾವದಲ್ಲಿ ಎರಡೇ ಊರುಗಳು. ವ್ಯಾಪಾರ, ರೈಲು, ದೊಡ್ಡಾಸ್ಪತ್ರೆ ಅಲ್ಲಿ. ವಿಶ್ವವಿದ್ಯಾಲಯ, ಜಿಲ್ಲಾ ಕಚೇರಿಗಳು, 2008ರಿಂದ ಉಚ್ಚ ನ್ಯಾಯಾಲಯದ ಪೀಠ ಇಲ್ಲಿ. ಆದುದರಿಂದ ಅಲ್ಲಿಯವರು ಇಲ್ಲಿಗೆ, ಇಲ್ಲಿಯವರು ಅಲ್ಲಿಗೆ ದಿನವೂ ಹೋಗಿ ಬರಲೇಬೇಕು. ನಡುವಿನ ಸುಮಾರು 22 ಕಿಲೋಮೀಟರ್ ದಾರಿಯಲ್ಲಿ ಉಣಕಲ್ಲು, ನವನಗರ, ರಾಯಾಪುರ, ಸತ್ತೂರುಗಳನ್ನು ದಾಟುವ ಈ ಪಯಣದಲ್ಲಿ ಎಷ್ಟೋ ಮನೆಗಳ ಮುಂಜಾವು ಮತ್ತು ಸಂಜೆ ಕಳೆದುಹೋಗುತ್ತವೆ.

ಈ ದಾರಿಗಾಗಿಯೇ ರೂಪುಗೊಂಡದ್ದು ತ್ವರಿತ ಬಸ್ ಸಾರಿಗೆ. ರಸ್ತೆಯ ನಡುವೆ ಬಸ್ಸಿಗೆಂದೇ ಮೀಸಲಾದ ಪಥ, ಬಸ್ಸಿನ ನೆಲದ ಎತ್ತರಕ್ಕೇ ಕಟ್ಟಿದ ನಿಲ್ದಾಣ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿದ ಈ ಬಸ್ಸುಗಳನ್ನು 2020ರ ಫೆಬ್ರುವರಿಯಲ್ಲಿ ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮರುತಿಂಗಳೇ ಕೊರೋನಾ ಬಂದು ಎಲ್ಲ ಚಕ್ರಗಳೂ ನಿಂತುಹೋದವು. ಈ ಬಸ್ಸಿಗೆ ಇಟ್ಟ ಹೆಸರು ‘ಚಿಗರಿ’. ನಮ್ಮ ಭಾಗದ ಹೊಲಗಳಲ್ಲಿ ಜಿಗಿಯುವ ಜಿಂಕೆಯ ಹೆಸರದು. ಸರಕಾರಿ ಯೋಜನೆಗಳಿಗೆ ಇಷ್ಟು ಚೆಲುವಾದ ಹೆಸರು ಅಪರೂಪ.

ಹೆಸರು ಚೆಲುವಾಗಿದೆಯೆಂದ ಮಾತ್ರಕ್ಕೆ ದೂರುಗಳಿಲ್ಲವೆಂದಲ್ಲ. ರಸ್ತೆ ಅಗಲವಾಗುವಾಗ ನೆರಳಿನ ಮರಗಳು ಉರುಳಿದವು. ಅಂಗಡಿಯವರಿಗೆ ಮುಂಗಟ್ಟು ಹೋಯಿತು. ಇಂದಿಗೂ ಕೇಳಿಬರುವ ದೊಡ್ಡ ದೂರೆಂದರೆ, ಬಸ್ಸಿನ ಪಥ ಖಾಲಿ ಇದ್ದು ಪಕ್ಕದ ಪಥದಲ್ಲಿ ಉಳಿದ ವಾಹನಗಳು ಇರುಕಿಕೊಂಡು ನಿಂತಿರುತ್ತವೆ ಎಂಬುದು. ಕಾರಿನ ಕಿಟಕಿಯಿಂದ ನೋಡುವವರಿಗೆ ಹಾಗೆ ಕಾಣುವುದು ಸಹಜವೇ. ಆದರೆ ಲೆಕ್ಕ ಬೇರೆ ಇದೆ. ಒಂದು ಬಸ್ಸಿನಲ್ಲಿ ಅರವತ್ತು ಜನ ಹೋದರೆ, ಅದೇ ಜನ ಇಬ್ಬಿಬ್ಬರಂತೆ ದ್ವಿಚಕ್ರದ ಮೇಲೆ ಹೊರಟರೂ ಮೂವತ್ತು ಗಾಡಿಗಳಾಗುತ್ತವೆ. ಒಬ್ಬೊಬ್ಬರೇ ಕಾರಿನಲ್ಲಿ ಹೊರಟರಂತೂ ಅರವತ್ತು ಕಾರುಗಳು. ಬಸ್ಸು ದಾಟಿಹೋದ ಮೇಲೆ ಪಥ ಖಾಲಿ ಕಾಣುವುದು ಬಸ್ಸು ನಿಲ್ಲದೆ ಓಡಿದುದರ ಗುರುತು. ಆ ಪಥದೊಳಕ್ಕೆ ಎಲ್ಲರನ್ನೂ ಬಿಟ್ಟರೆ ಬಸ್ಸೂ ಎಲ್ಲರಂತೆ ನಿಲ್ಲುತ್ತದೆ, ಅಷ್ಟೇ ಲಾಭ.

ನಿಜವಾದ ಕೊರತೆ ಇರುವುದು ನಮ್ಮ ದೃಷ್ಟಿಯಲ್ಲಿ ಬೇರೆಡೆ. ಮನೆಯಿಂದ ನಿಲ್ದಾಣದವರೆಗಿನ ಆ ಒಂದೂವರೆ ಕಿಲೋಮೀಟರ್ ಯಾರದೂ ಅಲ್ಲ. ಹುಬ್ಬಳ್ಳಿಯ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವಾದ ಪ್ಲಾಟ್‌ಫಾರ್ಮ್ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಹೆಮ್ಮೆಯ ವಿಷಯವೇ ಸರಿ. ಆದರೆ ಅಷ್ಟೇ ಉದ್ದದ, ಮುರಿಯದ ಕಾಲುದಾರಿಯೊಂದು ನಮ್ಮ ಬಡಾವಣೆಯಿಂದ ಬಸ್ ನಿಲ್ದಾಣದವರೆಗೆ ಇದ್ದಿದ್ದರೆ ಎಂದು ಮಳೆಗಾಲದಲ್ಲಿ ಕೆಸರು ದಾಟುವ ತಾಯಂದಿರು ಅಂದುಕೊಂಡರೆ ತಪ್ಪೇನು? ಹುಡುಗರು ಗಾಡಿ ಕೇಳುವುದು ಬಹುಮಟ್ಟಿಗೆ ಈ ತುಂಡು ದಾರಿಯ ಸಲುವಾಗಿಯೇ. ಸಿಕ್ಕಮೇಲೆ 22 ಕಿಲೋಮೀಟರನ್ನೂ ಅದರ ಮೇಲೆಯೇ ಹೋಗುತ್ತಾರೆ.

ಇನ್ನು ಗಾಡಿಯ ಮಾತು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು; ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಬಾಗಿಲಲ್ಲಿ ಕುಳಿತ ಆ ಅಜ್ಜಿ ಈ ವರದಿಯನ್ನು ಓದಿಲ್ಲ, ಆದರೆ ಅದರ ಸಾರ ಅವರಿಗೆ ಗೊತ್ತಿತ್ತು.

ಕಾನೂನಿನ ಮಾತನ್ನು ಅನೇಕ ತಂದೆ-ತಾಯಿಗಳು ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ. ಗೇರು ಇರುವ ಗಾಡಿಗೆ ಹದಿನೆಂಟು ತುಂಬಲೇಬೇಕು. ಹದಿನಾರಕ್ಕೆ ದೊರೆಯುವ ಪರವಾನಗಿ ಗೇರಿಲ್ಲದ, 50 ಸಿ.ಸಿ. ಮೀರದ ಗಾಡಿಗೆ ಮಾತ್ರ. ಇಂದು ಮಾರಾಟವಾಗುವ ಪೆಟ್ರೋಲ್ ಸ್ಕೂಟರುಗಳು ಬಹುತೇಕ ನೂರು ಸಿ.ಸಿ.ಗಿಂತ ಮೇಲೆಯೇ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕ ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರು. 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆವಾಸ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯೇ ಇಲ್ಲ. ಪರವಾನಗಿಯಿಲ್ಲದವನಿಂದ ಬೇರೆಯವರಿಗೆ ಅಪಾಯವಾದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದ ಮರುವಸೂಲಿ ಮಾಡಲು ಅವಕಾಶವುಂಟು. ಪ್ರೀತಿಯಿಂದ ಕೊಡಿಸಿದ ಗಾಡಿ ಹೊಲಮನೆಗೇ ಕೈಯಿಡುವುದು ಹೀಗೆ.

“ಹಾಗಾದರೆ ಕರೆಂಟಿನ ಸ್ಕೂಟರ್ ತರೋಣ, ಅದಕ್ಕೆ ಲೈಸೆನ್ಸ್ ಬೇಡವಂತಲ್ಲ” ಎಂದರು ಆ ತಂದೆ. ಇದು ಅರ್ಧ ಸತ್ಯ. ಗಂಟೆಗೆ 25 ಕಿಲೋಮೀಟರ್ ವೇಗವನ್ನೂ 250 ವ್ಯಾಟ್ ಶಕ್ತಿಯನ್ನೂ ಮೀರದವುಗಳಿಗೆ ಮಾತ್ರ ಈ ವಿನಾಯಿತಿ. ರಸ್ತೆಯಲ್ಲಿ ಭರ್ರನೆ ಹೋಗುವ ವಿದ್ಯುತ್ ಸ್ಕೂಟರುಗಳು ಬಹುತೇಕ ಇದರೊಳಗೆ ಬರುವುದಿಲ್ಲ. ಖರ್ಚು ಕಡಿಮೆ, ಹೊಗೆಯಿಲ್ಲ, ಒಪ್ಪಿದೆವು. ಬಿದ್ದರೆ ಮಾತ್ರ ರಸ್ತೆ ಅಷ್ಟೇ ಗಟ್ಟಿ.

ಬೆಂಗಳೂರಿನಲ್ಲಿ ಮಕ್ಕಳಿರುವ ಮನೆಗಳಿಗೆ ಅಲ್ಲಿಯ ಮೆಟ್ರೋ ಸುದ್ದಿ ಗೊತ್ತೇ ಇದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಆರಂಭವಾದದ್ದು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವಾಗಿ ಬೊಮ್ಮಸಂದ್ರವನ್ನೂ ಮುಟ್ಟಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ದರ ಏರಿದಾಗಲೆಲ್ಲ ಕೆಲವರಾದರೂ ಮತ್ತೆ ಗಾಡಿಯ ಕೀಲಿ ಹುಡುಕುತ್ತಾರೆ.

ಈ ಎಲ್ಲದರ ನಡುವೆ ನಮ್ಮ ಮನೆಗಳ ಓಡಾಟವನ್ನು ಹೆಚ್ಚು ಬದಲಿಸಿದ್ದು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ. ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್. 2025ರ ಜುಲೈ ಹೊತ್ತಿಗೆ ಈ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಬಸ್ಸುಗಳು ಕಿಕ್ಕಿರಿದವು, ಶಾಲೆಯ ಮಕ್ಕಳು ಪಾವಟಿಗೆಯ ಮೇಲೆ ನಿಲ್ಲುವಂತಾಯಿತು ಎಂಬುದು ಸುಳ್ಳಲ್ಲ; ಬಸ್ಸುಗಳ ಸಂಖ್ಯೆ ಹೆಚ್ಚದೆ ಅದಕ್ಕೆ ಪರಿಹಾರವಿಲ್ಲ. ಆದರೆ “ಹೆಣ್ಣಮಕ್ಕಳಿಗೆ ತಿರಗೂದಽ ಕೆಲಸಾತು” ಎಂಬ ಕಟ್ಟೆಯ ಮೇಲಿನ ಮಾತು ನಮಗೆ ಸೇರುವುದಿಲ್ಲ. ತವರಿನಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಯಾರ ಮುಂದೆಯೂ ಕೈಯೊಡ್ಡದೆ ಹೋಗಿಬಂದ ಸೊಸೆಯನ್ನು ನಾವು ಬಲ್ಲೆವು. ಹತ್ತು ವರ್ಷಗಳಿಂದ ಮುಂದೂಡುತ್ತ ಬಂದ ಕಣ್ಣಿನ ಪರೀಕ್ಷೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಟವರನ್ನೂ ಬಲ್ಲೆವು. ಇದನ್ನು ತಿರುಗಾಟವೆನ್ನುವವರು ತಮ್ಮ ಸಂಜೆಯ ತಿರುಗಾಟದ ಲೆಕ್ಕವನ್ನೂ ಒಮ್ಮೆ ಒಪ್ಪಿಸಲಿ.

ಆ ಮನೆಯ ನ್ಯಾಯ ಹೇಗೆ ಮುಗಿಯಿತೆಂದು ಓದುಗರು ಕೇಳಬಹುದು. ಮಗನಿಗೆ ಹದಿನೆಂಟು ತುಂಬುವವರೆಗೆ ಬಸ್ ಪಾಸು, ತುಂಬಿದ ಮೇಲೆ ಮೊದಲು ಪರವಾನಗಿ, ಹೆಲ್ಮೆಟ್, ಬಳಿಕ ಗಾಡಿಯ ಮಾತು ಎಂದಾಯಿತು. ಮಳೆಗಾಲ ಮುಗಿಯುವವರೆಗೆ ಬೆಳಗಿನ ಹೊತ್ತು ನಿಲ್ದಾಣದವರೆಗೆ ತಂದೆಯೇ ಬಿಟ್ಟುಬರುವುದೆಂದೂ ಒಪ್ಪಂದವಾಯಿತು. ಹುಡುಗ ಮುಖ ಊದಿಸಿಕೊಂಡೇ ಇದ್ದ. ನಾವು ಚಹಾ ಕುಡಿದು ಏಳುವಾಗ ಅಜ್ಜಿ ಮೊಮ್ಮಗನನ್ನು ಹತ್ತಿರ ಕರೆದು, “ಆ ಚಿಗರಿ ಬಸ್ಸಿನಾಗ ಏರಾಕ ಪಾವಟಿಗಿ ಇಲ್ಲಂತಲ್ಲಪಾ, ಖರೇನಾ? ನನ್ನೂ ಒಮ್ಮೆ ಹುಬ್ಬಳ್ಳಿಗೆ ಕರಕೊಂಡ ಹೋಗು” ಎಂದು ಕೇಳುತ್ತಿದ್ದರು.