ಎದೆಯ ಮೇಲಿನ ಬಿಲ್ಲೆ, ಮನದೊಳಗಿನ ಋಣ

ಪ್ರತಿ ವರ್ಷ ಡಿಸೆಂಬರ್ 7ರಂದು ನಮ್ಮ ಕಚೇರಿಗೆ ಕೆಂಪು, ಕಡುನೀಲಿ, ತಿಳಿನೀಲಿ ವರ್ಣಗಳ ಪುಟ್ಟ ಧ್ವಜಗಳು ಬರುತ್ತವೆ. ಡಬ್ಬಿಗೆ ಒಂದು ನೋಟು ಹಾಕಿ, ಧ್ವಜವನ್ನು ಅಂಗಿಗೆ ಸಿಕ್ಕಿಸಿಕೊಂಡು ನಾವು ಕಡತಗಳಿಗೆ ಮರಳುತ್ತೇವೆ. ಸಂಜೆ ಅಂಗಿ ಕಳಚುವಾಗ ಧ್ವಜ ಕಸದ ಬುಟ್ಟಿ ಸೇರುತ್ತದೆ. ಅದರೊಡನೆ ಸೈನಿಕನ ನೆನಪೂ. ಮೂರು ದಶಕಗಳ ಸೇವೆಯಲ್ಲಿ ನಾನು ಮಾಡಿದ್ದೂ ಬಹುಮಟ್ಟಿಗೆ ಇಷ್ಟೇ.

ಮೊದಲ ಮಹಾಯುದ್ಧದ ಕಾಲದಲ್ಲಿ ಈ ಪದ್ಧತಿ ಬ್ರಿಟನ್ನಿನ ಬೀದಿಬೀದಿಗಳಲ್ಲಿ ಹಬ್ಬಿತ್ತು. ಗಾಯಾಳು ಸೈನಿಕರಿಗಾಗಿ, ಬೆಲ್ಜಿಯಂನ ನಿರಾಶ್ರಿತರಿಗಾಗಿ ಮಹಿಳೆಯರು ತಟ್ಟೆ ಹಿಡಿದು ಬಿಲ್ಲೆಗಳನ್ನು ಮಾರಿದರು. ಬಿಲ್ಲೆ ಧರಿಸಿದವನನ್ನು ಆ ದಿನ ಮತ್ತೆ ಯಾರೂ ಪೀಡಿಸುತ್ತಿರಲಿಲ್ಲ. ದಾನದ ರಸೀದಿಯೇ ಹೀಗೆ ಯಾಚನೆಯಿಂದ ಪಾರಾಗುವ ಗುರಾಣಿಯೂ ಆಯಿತು. ವಂಚಕರ ಹಾವಳಿ ತಡೆಯಲು 1916ರಲ್ಲಿ ಯುದ್ಧನಿಧಿಗಳ ನೋಂದಣಿಯನ್ನೂ ಲೆಕ್ಕಪತ್ರವನ್ನೂ ಕಡ್ಡಾಯಗೊಳಿಸುವ ಕಾಯಿದೆ ಬಂತು.

ಯುದ್ಧಾನಂತರ ನವೆಂಬರ್ 11ರಂದು ಕೆಂಪು ಗಸಗಸೆ ಹೂವಿನ ಬಿಲ್ಲೆಗಳು ಸಾಮ್ರಾಜ್ಯದಾದ್ಯಂತ ಮಾರಾಟವಾದವು. ಹಣದ ಬಹುಪಾಲು ಬ್ರಿಟನ್ನಿಗೆ ಹೋಗುವುದೇಕೆಂದು ಸಿಲೋನಿನ ಜನ 1930ರ ದಶಕದಲ್ಲಿ ಪ್ರಶ್ನಿಸಿದರು. ಅದೇ ದಿನ ತಮ್ಮ ನಾಡಿನ ಸೂರಿಯ ಹೂಗಳನ್ನು ಮಾರಿದರು. ಪ್ರಶ್ನಿಸುವುದು ದ್ರೋಹವಲ್ಲ, ಅದೂ ಋಣಪ್ರಜ್ಞೆಯೇ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಧ್ವಜ ದಿನ ಆರಂಭವಾದದ್ದು 1949ರಲ್ಲಿ. 1993ರಲ್ಲಿ ಹಲವು ನಿಧಿಗಳನ್ನು ಕೂಡಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿಯನ್ನು ರಚಿಸಲಾಯಿತು. ಉದ್ದೇಶ ಉದಾತ್ತವಾದುದೇ. ಆದರೆ ವಂತಿಗೆಗೆ ಹೆಸರಿನ ಪಟ್ಟಿ ಬಂದಾಗ, ಮೇಲಧಿಕಾರಿಯ ಮುಖ ನೋಡಿ ಕೈ ಜೇಬಿಗೆ ಹೋದಾಗ, ಅದು ದಾನವಾಗುವುದಿಲ್ಲ; ಕಂದಾಯವಾಗುತ್ತದೆ. ಒತ್ತಾಯವಿಲ್ಲದೆ ಹಣ ಕೂಡದೆಂಬ ವಾದವುಂಟು. ಹಣ ಕೂಡೀತು, ಗೌರವ ಕೂಡದು. ಅಲ್ಲದೆ ಹುತಾತ್ಮನ ಪತ್ನಿಯ ಪಿಂಚಣಿ ಆಕೆಯ ಹಕ್ಕು, ಸರ್ಕಾರದ ಹೊಣೆ. ನಮ್ಮ ಡಬ್ಬಿ ಅದಕ್ಕೆ ಪೂರಕವಾಗಬಹುದೇ ಹೊರತು ಪರ್ಯಾಯವಾಗಲಾರದು.

ಪುಣೆಯ ಖಡಕಿಯಲ್ಲಿ, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಹಿಡಿದ ಯೋಧರ ಪುನರ್ವಸತಿ ಕೇಂದ್ರವಿದೆ. ಈ ನಿಧಿಯ ನೆರವು ಅಲ್ಲಿಗೂ ಸಲ್ಲುತ್ತದೆ. ಹೊಟ್ಟೆಪಾಡಿಗೆಂದು ಹುಟ್ಟೂರು ಬಿಟ್ಟು ಬಂದ ನಮಗೆ, ದೇಶಕ್ಕಾಗಿ ಮನೆ ಬಿಟ್ಟವನ ಪಾಡು ತಿಳಿಯದ್ದೇನಲ್ಲ. ರಾಜ್ಯೋತ್ಸವಕ್ಕೆ ಊರೂರು ಸುತ್ತಿ ವಂತಿಗೆ ಕೂಡಿಸುವ ನಮ್ಮ ಸಂಘಗಳು ಡಿಸೆಂಬರಿನಲ್ಲಿ ಒಮ್ಮೆ ಅಂಥ ಕೇಂದ್ರದ ಬಾಗಿಲಿಗೆ ಹೋಗಿ, ಏನು ಬೇಕೆಂದು ಕೇಳಬಾರದೇ?

ಬಿಲ್ಲೆ ನಮ್ಮ ಋಣದ ಮುಕ್ತಾಯವಲ್ಲ, ನೆನಪೋಲೆ ಮಾತ್ರ.