ವಾಸನೆಯ ಬಿಳಿ ಸೆರಗು ಬಂದರೆ ಕಾಪರ್-ಟಿ ತೆಗೆಸಲೇಬೇಕೇ?

'ಕಾಪರ್-ಟಿ (ವಂಕಿ) ಹಾಕಿಸಿದ ಮೇಲೆ ವಾಸನೆಯ ಬಿಳಿ ಸೆರಗು ಶುರುವಾದರೆ ಒಳಗೆ ಕೊಳೆಯುತ್ತಿದೆ ಎಂದರ್ಥ, ಕೂಡಲೇ ತೆಗೆಸಿಬಿಡಿ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದರಲ್ಲಿ ನಿಜವೆಷ್ಟು, ನೋಡೋಣ.

ಏನಿದು ತೊಂದರೆ?
ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುತ್ತವೆ. ಅವು ಆಮ್ಲ ತಯಾರಿಸಿ ಬೇರೆ ಸೂಕ್ಷ್ಮಜೀವಿಗಳನ್ನು ಹದ್ದುಬಸ್ತಿನಲ್ಲಿಡುತ್ತವೆ. ಅವು ಕಡಿಮೆಯಾಗಿ ಗಾರ್ಡ್ನರೆಲ್ಲಾ ಮೊದಲಾದವು ಹೆಚ್ಚಿದರೆ ಅದೇ ಬ್ಯಾಕ್ಟೀರಿಯಲ್ ವಜೈನೋಸಿಸ್. ತೆಳುವಾದ ಬೂದು-ಬಿಳಿ ಸ್ರಾವ, ಮೀನಿನಂಥ ವಾಸನೆ ಇದರ ಲಕ್ಷಣ. ಕಾಪರ್-ಟಿ ಇಲ್ಲದವರಲ್ಲೂ ಇದು ಸಾಮಾನ್ಯ.

ಕಾಪರ್-ಟಿಗೂ ಇದಕ್ಕೂ ನಂಟಿದೆಯೇ?
ಸ್ವಲ್ಪ ಇದೆ. ಕಾಪರ್-ಟಿ ಬಳಸುವವರಲ್ಲಿ ಇದು ಹೆಚ್ಚು ಕಾಣಿಸುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಮುಟ್ಟಿನ ಸ್ರಾವ ಹೆಚ್ಚುವುದು ಒಂದು ಕಾರಣವಿರಬಹುದು. ರಕ್ತವು ಯೋನಿಯ ಆಮ್ಲೀಯತೆಯನ್ನು ತಗ್ಗಿಸುತ್ತದೆ. ಆದರೆ ಒಳಗೆ ಏನೂ ಕೊಳೆಯುವುದಿಲ್ಲ.

ಚಿಕಿತ್ಸೆ ಏನು?
ಕಾಪರ್-ಟಿ ಇದ್ದರೂ ಇಲ್ಲದಿದ್ದರೂ ಚಿಕಿತ್ಸೆ ಒಂದೇ. ವೈದ್ಯರು ಸಾಮಾನ್ಯವಾಗಿ 7 ದಿನ ಮೆಟ್ರೊನಿಡಜೋಲ್ ಮಾತ್ರೆ, ಇಲ್ಲವೇ ಯೋನಿಯೊಳಗೆ ಹಚ್ಚುವ ಜೆಲ್ ಅಥವಾ ಕ್ರೀಮ್ ಕೊಡುತ್ತಾರೆ. ಇದಕ್ಕಾಗಿ ಕಾಪರ್-ಟಿ ತೆಗೆಸಬೇಕಿಲ್ಲ. ಬೇರೆ ವ್ಯವಸ್ಥೆ ಮಾಡಿಕೊಳ್ಳದೆ ತೆಗೆಸಿದರೆ ಬೇಡದ ಗರ್ಭ ನಿಲ್ಲುವ ಅಪಾಯವೇ ದೊಡ್ಡದು. ಫಂಗಸ್ ಸೋಂಕು, ಲೈಂಗಿಕ ಸೋಂಕುಗಳಲ್ಲೂ ಬಿಳಿ ಸೆರಗು ಹೋಗುತ್ತದೆ. ಆದ್ದರಿಂದ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗದೆ ಪರೀಕ್ಷೆ ಮಾಡಿಸಿಕೊಳ್ಳಿ.

ವಾಸಿಯಾದದ್ದು ಮತ್ತೆ ಬಂದರೆ?
ಚಿಕಿತ್ಸೆ ಪಡೆದ ಅರ್ಧಕ್ಕೂ ಹೆಚ್ಚು ಮಹಿಳೆಯರಲ್ಲಿ ಒಂದು ವರ್ಷದೊಳಗೆ ಇದು ಮರುಕಳಿಸುತ್ತದೆ. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ ಮಹಿಳೆಗೆ ಮಾತ್ರ ಔಷಧಿ ಕೊಟ್ಟಾಗ 12 ವಾರಗಳಲ್ಲಿ 63% ಮಂದಿಗೆ ಮತ್ತೆ ಬಂತು. ಗಂಡಿಗೂ ಚಿಕಿತ್ಸೆ ಕೊಟ್ಟಾಗ ಅದು 35%ಕ್ಕೆ ಇಳಿಯಿತು. ಹಾಗಾಗಿ ಪದೇ ಪದೇ ಬರುತ್ತಿದ್ದರೆ ಗಂಡ-ಹೆಂಡತಿ ಇಬ್ಬರೂ ವೈದ್ಯರನ್ನು ಕಾಣುವುದು ಒಳ್ಳೆಯದು. ಆಗಲೂ ನಿಲ್ಲದಿದ್ದರೆ ಬೇರೆ ಗರ್ಭನಿರೋಧಕದ ಬಗ್ಗೆ ಅವರೊಂದಿಗೇ ಮಾತಾಡಿ.

ಸೋಪು, ಆ್ಯಂಟಿಸೆಪ್ಟಿಕ್, ನಿಂಬೆರಸ ಹಾಕಿ ಒಳಗೆ ತೊಳೆಯಬೇಡಿ. ಹಾಗೆ ಮಾಡಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಹೋಗುತ್ತವೆ.

ತಡಮಾಡಬಾರದ ಲಕ್ಷಣಗಳು
ಜ್ವರ, ಕೆಳಹೊಟ್ಟೆ ನೋವು, ಸಂಭೋಗದ ವೇಳೆ ನೋವು ಇದ್ದರೆ ಸೋಂಕು ಗರ್ಭಕೋಶಕ್ಕೆ ಏರಿರಬಹುದು. ಮುಟ್ಟು ತಪ್ಪಿದರೆ ಗರ್ಭ ನಿಂತಿರಬಹುದು. ಇವುಗಳಲ್ಲಿ ಯಾವುದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ಒಟ್ಟಿನಲ್ಲಿ: ಬಿಳಿ ಸೆರಗಿಗೆ ಔಷಧಿ ಬೇಕು, ಕಾಪರ್-ಟಿ ತೆಗೆಸುವ ಅವಸರ ಬೇಡ.